ಚಿಗವ್ವ ಬಿಟ್ಟ ಜಾಗ

ನೆಲದೊಳಗೆ ಏನನ್ನಾದರೂ ಇಡುವ ವಿಷಯದಲ್ಲಿ ನಮ್ಮ ಕಡೆಯ ಜನಕ್ಕೆ ಯಾರೂ ಪಾಠ ಹೇಳಬೇಕಿಲ್ಲ. ಹಿಂದೆ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು, ಸತ್ತವರನ್ನು ಇವತ್ತಿಗೂ ಸ್ವಂತ ಹೊಲದಲ್ಲಿ ಇಡುತ್ತಾರೆ. ಒಂದು ತೆಗೆಯುವುದಕ್ಕೆ, ಇನ್ನೊಂದು ತೆಗೆಯದೆ ಇರುವುದಕ್ಕೆ. ಇಷ್ಟು ಸಣ್ಣ ವ್ಯತ್ಯಾಸ ಹುಟ್ಟಿನಿಂದ ಗೊತ್ತಿದ್ದ ನಾನೇ, ನೌಕರಿಯ ಮೇಲೆ ಊರ ಕಡೆ ಹೋದಾಗ ಎರಡನ್ನೂ ಕಲಸಿ ರಾಡಿ ಮಾಡಿದೆ.

ನಾನು ಭೂವಿಜ್ಞಾನಿ, ಕಲ್ಲು ನೋಡುವವಳು. ಕೆಲವು ವರ್ಷಗಳ ಹಿಂದೆ ನಮ್ಮ ತಂಡಕ್ಕೊಂದು ಕೆಲಸ ಬಂತು. ಅಣು ವಿದ್ಯುತ್ ಸ್ಥಾವರಗಳಲ್ಲಿ ಉರಿದು ಉಳಿಯುವ ತ್ಯಾಜ್ಯವನ್ನು ಗಾಜಿನಲ್ಲಿ ಬೆರೆಸಿ ಗಟ್ಟಿ ಮಾಡಿ, ಉಕ್ಕಿನ ಡಬ್ಬಿಗಳಲ್ಲಿ ಮುಚ್ಚಿ, ನೆಲದ ಆಳದಲ್ಲಿ ಸಾವಿರಾರು ವರ್ಷ ಇಡಬೇಕು. ಅದಕ್ಕೆ ಎಂಥ ಬಂಡೆ ಬೇಕು, ಅದು ಎಲ್ಲಿದ್ದೀತು ಎಂದು ಹುಡುಕುವ ಯೋಜನೆ. ಏನನ್ನೂ ಕಟ್ಟುತ್ತಿರಲಿಲ್ಲ, ಏನನ್ನೂ ತರುತ್ತಿರಲಿಲ್ಲ. ಬರೀ ಕಲ್ಲಿನ ಪರೀಕ್ಷೆ. ನಕ್ಷೆಯಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಎಂದು ಕಂಡಾಗ ನಮ್ಮ ಹಿರಿಯ ಅಧಿಕಾರಿಗಳು, "ನೀವು ಆ ಕಡೆಯವರೇ ಅಲ್ಲವೇ? ಜನರ ಹತ್ತಿರ ನೀವೇ ಮಾತಾಡಿ" ಎಂದು ನನ್ನನ್ನು ಮುಂದೆ ಮಾಡಿದರು. ಆ ಕಡೆಯವಳು ಎಂಬ ಕಾರಣಕ್ಕೇ ನನ್ನನ್ನು ಬಿಡಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಆಳಂದದಲ್ಲಿ ಹೆಚ್ಚು ದಿನ ಹಿಡಿಯಲಿಲ್ಲ. ಭೂಸನೂರಿನ ಹಾದಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ನಮ್ಮ ಜೀಪನ್ನು ಪದೇ ಪದೇ ಬದಿಗೆ ಒತ್ತಿದವು. ಅಲ್ಲಿನ ಕರಿಕಲ್ಲೂ ಬಾ ಎನ್ನಲಿಲ್ಲ. ರೊಟ್ಟಿ ಒಟ್ಟಿದಂತೆ ಪದರ ಮೇಲೆ ಪದರ, ಎರಡು ಪದರಗಳ ನಡುವೆ ನೀರು. ನಮ್ಮ ಕೆಲಸಕ್ಕೆ ನೀರೇ ಶತ್ರು. ಡಬ್ಬಿ ಎಷ್ಟೇ ಗಟ್ಟಿಯಿರಲಿ, ನೀರು ಒಂದಿಲ್ಲೊಂದು ದಿನ ಅದನ್ನು ತಿಂದು, ಒಳಗಿದ್ದದ್ದನ್ನು ಬಾವಿಗೆ ಮುಟ್ಟಿಸುತ್ತದೆ. ಅಫಜಲಪುರದ ಕರಜಗಿ ಕಡೆಯೂ ಇದೇ ಕತೆ. ಉಳಿದದ್ದು ಜೇವರ್ಗಿ. ಅಲ್ಲಿ ಮೇಲೆ ತೆಳುವಾಗಿ ಸುಣ್ಣದಕಲ್ಲು, ಕೆಳಗೆ ಗ್ರಾನೈಟ್. ಅಧಿಕಾರಿಗಳು ನಕ್ಷೆಯ ಮೇಲೆ ಪೆನ್ಸಿಲ್ಲಿನಿಂದ ಒಂದು ಸುತ್ತು ಹಾಕಿದರು. ನಾನು ಬಗ್ಗಿ ನೋಡಿದೆ. ಅದು ನನ್ನ ಚಿಗವ್ವನ ಹೊಲ.

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ತಾಯಿ ತೀರಿಕೊಂಡ ಮೇಲೆ ನನ್ನನ್ನು ಸಾಕಿ ಓದಿಸಿದವಳು. ಅವಳ ಗಂಡ, ನನ್ನ ಕಾಕಾ, ತೀರಿಕೊಂಡು ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ನಮ್ಮವರ ಪದ್ಧತಿಯಂತೆ ಅವರನ್ನು ಕೈಯಲ್ಲಿ ಲಿಂಗ ಕೊಟ್ಟು, ಕೂತ ಭಂಗಿಯಲ್ಲೇ ಹೊಲದ ಮೂಲೆಯ ಬೇವಿನ ಗಿಡದ ಕೆಳಗೆ ಇಟ್ಟಿದ್ದರು. ಮೇಲೊಂದು ಸಣ್ಣ ಗದ್ದುಗೆ. ಗದ್ದುಗೆಯ ಎಡಕ್ಕೆ ಒಬ್ಬರು ಕೂಡುವಷ್ಟು ನೆಲವನ್ನು ಚಿಗವ್ವ ಉಳದೆ ಬಿಟ್ಟಿದ್ದಳು. ಪಾಲಿಗೆ ಹೊಲ ಮಾಡುವವನು ಕೇಳಿದರೆ, "ಅದು ನಂದು, ಅಲ್ಲಿ ಬಿತ್ತಬ್ಯಾಡ" ಎನ್ನುತ್ತಿದ್ದಳು. ಸಿಟಿ ಬಸ್ಸಿನ ಸೀಟಿಗೆ ಟವೆಲ್ ಹಾಕಿ ಕಾಯ್ದಿಟ್ಟ ಹಾಗೆ, ಅಷ್ಟು ಸಲೀಸಾಗಿ.

ಸಂಬಂಧದ ವಿಷಯವನ್ನು ಅಧಿಕಾರಿಗಳಿಗೆ ಹೇಳಿದೆ. ಅವರು, "ಹಾಗಾದರೆ ಒಪ್ಪಿಗೆ ಸುಲಭವಾಯಿತು" ಎಂದರು. ಒಳ್ಳೆಯ ಮನುಷ್ಯ, ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಆದರೂ ನನಗೆ ಉರಿದುಹೋಯಿತು.

ಊರ ಶಾಲೆಯ ಅಂಗಳದಲ್ಲಿ ಸಭೆ ಸೇರಿಸಿದೆವು. ನನಗೆ ಜಾಣತನ ಉಕ್ಕಿತು. ನಮ್ಮ ಜನರ ಮಾತಿನಲ್ಲೇ ಹೇಳೋಣವೆಂದು, "ಇದು ಒಂದು ದೊಡ್ಡ ಹಗೇವು ಇದ್ದಂಗ್ರಿ" ಎಂದುಬಿಟ್ಟೆ. ಹಗೇವೆಂದರೆ ಜೋಳ ತುಂಬಿಡುವ ನೆಲದೊಳಗಿನ ಕುಣಿ. ಸುತ್ತ ಹುಲ್ಲು ಹೊದಿಸಿ, ಬಾಯಿಗೆ ಹಾಸುಗಲ್ಲು ಇಟ್ಟು, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ. ಎಲ್ಲರೂ ತಲೆಯಾಡಿಸಿದರು. ನಾನು ಗೆದ್ದೆ ಅಂದುಕೊಂಡೆ.

ಮುಂದೆ ಕೂತಿದ್ದ ಒಬ್ಬ ಹಿರಿಯರು ರುಮಾಲು ಸರಿಮಾಡಿಕೊಂಡು ಕೇಳಿದರು: "ಛಲೋ ಆತ್ರಿ. ತಗಿಯೂದು ಯಾವಾಗ?"

"ತಗಿಯಂಗಿಲ್ರಿ. ಎಂದೂ ತಗಿಯಂಗಿಲ್ಲ."

"ತಗಿಯಂಗಿಲ್ಲಂದ್ರ ಅದು ಹಗೇವು ಹ್ಯಾಂಗ ಆಗ್ತದ್ರಿ? ಮುಂದ ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳು ಹಗೇವು ಅದ ಅಂತ ಹಾರಿ ತಗೊಂಡು ಕಲ್ಲು ಎಬ್ಬಸ್ತಾರ. ಹಗೇವು ಅಂತ ಹೆಸರು ಹೇಳಿದ್ರ ಯಾರು ಬಿಡ್ತಾರ್ರಿ?"

ಸಭೆ ನಕ್ಕಿತು. ನಾನೂ ನಕ್ಕೆ, ಕಿವಿ ಬಿಸಿಯಾಗಿತ್ತು. ಇನ್ನೊಬ್ಬರು, "ಹಾದ್ಯಾಗ ಹೋಗೂ ಮಾರಿನ ಮನಿಗಿ ಕರದಂಗ ಆತು" ಎಂದು ಎದ್ದರು. ಸಭೆ ಅಲ್ಲಿಗೆ ಮುಗಿಯಿತು. ಕೊನೆಯ ಸಾಲಿನಲ್ಲಿ ಸೆರಗು ಹೊದ್ದು ಕೂತಿದ್ದ ಚಿಗವ್ವ ನನ್ನನ್ನು ಮನೆಗೆ ಕರೆದುಕೊಂಡು ಹೋದಳು.

ಮನೆಯಲ್ಲಿ ಚಹಾ ಕೊಟ್ಟು ಕೇಳಿದಳು. "ಖರೇ ಹೇಳಬೇ. ಕಲ್ಲು ಛಲೋ ಬಂದ್ರ ಏನಾಗ್ತದ?"

ಮುಚ್ಚಿಡಲಿಲ್ಲ. ಈಗ ಕೊರೆಯುವುದು ಒಂದೇ ತೂತು, ಆದರೆ ಬಂಡೆ ಒಳ್ಳೆಯದಿದ್ದರೆ ಮುಂದೆಂದೋ ಈ ಹೊಲ ಸರಕಾರಕ್ಕೆ ಹೋಗಬಹುದು, ಸುತ್ತ ಬೇಲಿ ಬರುತ್ತದೆ, ಅಲ್ಲಿ ಯಾರನ್ನೂ ಮಣ್ಣು ಮಾಡಲು ಬಿಡುವುದಿಲ್ಲ, ಕಾಕಾನ ಗದ್ದುಗೆಯನ್ನೂ ಎತ್ತಿ ಬೇರೆ ಕಡೆ ಇಡಬೇಕಾದೀತು ಎಂದೆ. ಒಲ್ಲೆ ಎಂದರೆ ಕೊರೆಯುವುದಿಲ್ಲ ಎಂದೂ ಹೇಳಿದೆ.

"ಹಂಗಾದ್ರ ನಾ ಎಲ್ಲಿ ಕೂಡಬೇಕು?" ಎಂದಳು.

ಒಲ್ಲೆ ಅನ್ನು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಬಾಯಿಬಿಟ್ಟು ಹೇಳಲು ನೌಕರಿಯ ಮರ್ಯಾದೆ ಅಡ್ಡ ಬಂತು. ಚಿಗವ್ವ ಒಲೆಯ ಮುಂದೆ ಕೂತು ಕೆಂಡ ಕೆದಕಿದಳು. ಆಮೇಲೆ ಹೇಳಿದಳು: "ಒಲಿ ಉರಿಸಿದ ಮ್ಯಾಲ ಬೂದಿ ಯಾರರ ಎತ್ತಬೇಕಲ್ಲ. ಕರೆಂಟು ನಮಗೂ ಬೇಕು, ಬೂದಿ ಬ್ಯಾಡ ಅಂದ್ರ ಹ್ಯಾಂಗ? ಕೊರದು ನೋಡ್ರಿ. ಆದ್ರ ನಿಮ್ಮ ಗಾಡಿ ನನ್ನ ಜಾಗದ ಮ್ಯಾಲ ಹಾಯಬಾರದು."

ಅವಳ ಒಪ್ಪಿಗೆ ನನಗೆ ಸಿಟ್ಟು ತರಿಸಿತು. ಅಷ್ಟು ದೊಡ್ಡ ಮನಸ್ಸು ಯಾಕೆ ಬೇಕಿತ್ತು ಎಂದು ಜೀಪಿನಲ್ಲಿ ಗೊಣಗುತ್ತ ಹೋದೆ.

ಕೊರೆಯುವ ಯಂತ್ರ ಬಂತು. ಚಿಗವ್ವ ತಾನೇ ನಾಲ್ಕು ಕಲ್ಲು ಇಟ್ಟು ತನ್ನ ಜಾಗಕ್ಕೆ ಗುರುತು ಮಾಡಿದಳು. ಯಂತ್ರದವರು ಹಗ್ಗ, ಪೈಪು, ನೀರಿನ ಟ್ಯಾಂಕರು ಎಲ್ಲವನ್ನೂ ಅದರ ಸುತ್ತು ಹಾಕಿ ಸಾಗಿಸಿದರು. ಸುಣ್ಣದಕಲ್ಲು ಬೇಗ ಮುಗಿಯಿತು. ಆಮೇಲೆ ಬಂದ ಗ್ರಾನೈಟನ್ನು ನೋಡಿ ಅಧಿಕಾರಿಗಳ ಮುಖ ಅರಳಿತು. ತೋಳುದ್ದದ ಕಲ್ಲಿನ ತುಂಡುಗಳು, ಒಂದು ಬಿರುಕಿಲ್ಲ, ಬೂದುಗೆಂಪು ಬಣ್ಣ, ನೀರು ಹಾಕಿ ಒರೆಸಿದರೆ ಫಳಫಳ. ಕಲ್ಲು ನೋಡುವವಳಾಗಿ ನನಗೂ ಖುಷಿಯಾಯಿತು. ಅಂಥ ಬಂಡೆ ಸಿಗುವುದೇ ಅಪರೂಪ. ಅದನ್ನು ಪೆಟ್ಟಿಗೆಯಲ್ಲಿ ಜೋಡಿಸುತ್ತಲೇ, ಒಂದು ಬಿರುಕಾದರೂ ಇರಬಾರದೇ ಎಂದು ಶಪಿಸುತ್ತಿದ್ದೆ.

ಚಿಗವ್ವ ದಿನಾ ಬುತ್ತಿ ತರುತ್ತಿದ್ದಳು. ಎಲ್ಲರಿಗೂ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅಧಿಕಾರಿಗಳು ಖಾರಕ್ಕೆ ಕಣ್ಣೀರು ಸುರಿಸುತ್ತ ಉಂಡರು. ಪೆಟ್ಟಿಗೆಯ ಕಲ್ಲನ್ನು ಮುಟ್ಟಿ, "ಏನಂತದ ಕಲ್ಲು?" ಎಂದು ಕೇಳುತ್ತಿದ್ದಳು. "ಛಲೋ ಅದ" ಎನ್ನುತ್ತಿದ್ದೆ. "ಛಲೋ ಇದ್ರ ಛಲೋ ಅನ್ನು, ಸಪ್ಪ ಮಾರಿ ಯಾಕ ಮಾಡ್ತಿ" ಎಂದು ಗದರುತ್ತಿದ್ದಳು. ಬುತ್ತಿಯ ಗಂಟು ಕಟ್ಟಿಕೊಂಡು ಹೋಗುವಾಗ ಮಾತ್ರ ಗದ್ದುಗೆಯ ಹತ್ತಿರ ನಿಂತು, ತನ್ನ ನಾಲ್ಕು ಕಲ್ಲುಗಳ ನಡುವಿನ ಕಸ ಆರಿಸುತ್ತಿದ್ದಳು.

ಕೊನೆಗೆ, ಸಾಕು ನಿಲ್ಲಿಸೋಣ ಎನ್ನುವ ಆಳದಲ್ಲಿ, ಕಲ್ಲು ಚೂರುಚೂರಾಗಿ ಬಂತು. ಚೂರುಗಳ ಮೈಗೆ ತುಕ್ಕಿನ ಬಣ್ಣ, ಸಂದಿನಲ್ಲಿ ಜೇಡಿ. ಪರೀಕ್ಷೆಯಲ್ಲಿ ಆ ಬಿರುಕಿನಲ್ಲಿ ನೀರು ಹರಿಯುತ್ತಿರುವುದು ಖಚಿತವಾಯಿತು. ಅಧಿಕಾರಿಗಳು ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಎರಡೆರಡು ಸಲ ನೋಡಿ, "ಈ ಜಾಗ ಬಿಡಬೇಕು" ಎಂದರು. ತೂತಿಗೆ ಸಿಮೆಂಟು ತುಂಬಿ ಯಂತ್ರ ಹೊರಟುಹೋಯಿತು.

ಆ ಸುದ್ದಿಯನ್ನು ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ಎಳ್ಳ ಅಮಾವಾಸ್ಯೆಗೆ ಊರಿಗೇ ಹೋದೆ. ಅವತ್ತು ಎಲ್ಲರೂ ಹೊಲದಲ್ಲೇ ಉಣ್ಣುವುದು. ಚಿಗವ್ವ ಸಜ್ಜಿ ರೊಟ್ಟಿ, ಭಜ್ಜಿ, ಹೋಳಿಗೆ ಹೊತ್ತು ತಂದಿದ್ದಳು. ಉಣ್ಣುವ ಮೊದಲು ಭೂಮಿಗೆ ಚರಗ ಚೆಲ್ಲಬೇಕು, ಅಂದರೆ ಅಡುಗೆಯ ಪಾಲನ್ನು ಪೈರಿನ ನಡುವೆ ಎರಚಬೇಕು. ಕಡಲೆ, ಜೋಳದ ಸಾಲುಗಳಲ್ಲಿ ಚೆಲ್ಲಿ, ಗದ್ದುಗೆಗೆ ಎಡೆ ಹಿಡಿದು, ಆಮೇಲೆ ತೂತು ಮುಚ್ಚಿದ್ದ ನಮ್ಮ ಸಿಮೆಂಟಿನ ಬಿಲ್ಲೆಯ ಮೇಲೂ ಒಂದು ಹಿಡಿ ಹಾಕಿದಳು.

"ಅದಕ್ಯಾಕ ಹಾಕ್ತಿ? ಅದರಾಗ ಏನಿಲ್ಲ. ಕಲ್ಲು ಒಡದದ, ಇಲ್ಲಿ ಏನೂ ಬರಂಗಿಲ್ಲ. ನಿನ್ನ ಜಾಗಾ ನಿನಗೇ ಉಳೀತು, ಚಿಗವ್ವ" ಎಂದೆ. ಹೇಳುತ್ತ ನನಗೇ ಅಳು ಬಂತು.

ಅವಳು ಅಲ್ಲೇ ನಿಂತಳು. ಮುಖದ ಮೇಲೆ ಬೆಳಕು ಬಂದದ್ದು ನಿಜ. ಗದ್ದುಗೆಯ ಕಡೆ ತಿರುಗಿ, "ಕೇಳಿದಿರೇನ್ರಿ?" ಎಂದಳು. ಆಮೇಲೆ ಕೈಗಂಟಿದ ಚರಗ ಉದುರಿಸಿಕೊಳ್ಳುತ್ತ ನನ್ನ ಕಡೆ ನೋಡಿದಳು.

"ಹಂಗಾದ್ರ ಈಗ ಅದು ಯಾರ ಹೊಲಕ್ಕ ಹೋಗ್ತದ?"

"ಗೊತ್ತಿಲ್ಲ. ಇನ್ನೊಂದು ಕಡಿ ಹುಡುಕಾಕತ್ತೇವಿ."

"ಅಲ್ಲೂ ಯಾರರ ಹೆಣ್ಮಗಳು ಗಂಡನ ಬಾಜೂಕ ಜಾಗಾ ಬಿಟ್ಟಿರ್ತಾಳ" ಎಂದಳು. "ಮೊದಲ ಅಕೀನ ಕೇಳು. ಆಮ್ಯಾಲ ನಿನ್ನ ನಕಾಶಿ ಬಿಚ್ಚು."

ಅಷ್ಟು ಹೇಳಿ ಉಣ್ಣಲು ಬಡಿಸಿದಳು.

ಕಳೆದ ತಿಂಗಳು ಅದೇ ತಾಲ್ಲೂಕಿನ ಇನ್ನೊಂದು ಮೂಲೆಗೆ ಹೋಗಿದ್ದೆವು. ಹೊಲದ ದಂಡೆಯ ಮನೆಯಲ್ಲಿ ವಯಸ್ಸಾದ ಹೆಣ್ಣುಮಗಳೊಬ್ಬರು ತಂಬಿಗೆಯಲ್ಲಿ ನೀರು ತಂದುಕೊಟ್ಟರು. ಅಧಿಕಾರಿಗಳು ಜೀಪಿನ ಮೇಲೆ ನಕ್ಷೆ ಹರಡಲು ಹೊರಟಾಗ ನಾನು ಅವರ ಕೈ ತಡೆದೆ. ನೀರು ಕುಡಿದು, "ನಿಮ್ಮ ಮನಿಯವರು ಎಲ್ಲಿ ಅದಾರ್ರಿ, ಯವ್ವಾ?" ಎಂದು ಕೇಳಿದೆ. ಅವರು ಹೊಲದ ಆಚೆ ತುದಿಯ ಒಂದು ಬನ್ನಿ ಗಿಡದ ಕಡೆ ಕೈ ಮಾಡಿದರು.

ನಕ್ಷೆಯನ್ನು ಬಿಚ್ಚುವ ಅಗತ್ಯವಿರಲಿಲ್ಲ. ನಮ್ಮ ಪೆನ್ಸಿಲ್ಲಿನ ಸುತ್ತು ಎಲ್ಲಿದೆ ಎಂಬುದು ನನಗೆ ಗೊತ್ತಿತ್ತು. ಅದು ಆ ಗಿಡದ ಮೇಲೆಯೇ ಇತ್ತು.