ಕಸ್ತೂರೆವ್ವ ಹೆಣೆದ ಬದಾಮದ ತೋರಣ

ಕಸ್ತೂರೆವ್ವ ಹೋದ ಸೋಮವಾರ ಮುಂಜಾನೆ ತೀರಿಕೊಂಡಳು. ಕಾಮಾಲೆ ಆಗಿತ್ತು. ಅಳ್ನಾವರದಿಂದ ಮಗಳು ನೀಲಕ್ಕ ಬಂದು ಮುಟ್ಟುವವರೆಗೆ ಕಾದು, ಇಳಿಹೊತ್ತಿನಲ್ಲಿ ಮಣ್ಣು ಮಾಡಿದರು.

ನಾನು ಮೊರಬದ ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುವವಳು, ಕಸ್ತೂರೆವ್ವನ ಬಾಜು ಮನೆಯಲ್ಲಿ ಬಾಡಿಗೆಗೆ ಇರುವವಳು. ಈ ಊರಿಗೆ ವರ್ಗವಾಗಿ ಬಂದ ಮೇಲೆ ನನಗೆ ಸಿಕ್ಕ ಒಬ್ಬಳೇ ಗೆಳತಿ ಅವಳು. ಆ ದಿನ ಅವಳ ಪಡಸಾಲೆಯಲ್ಲಿ ಕುಳಿತು ಊರಿನ ಹೆಂಗಸರ ಮಾತು ಕೇಳಿದೆ.

"ನಮ್ಮ ಬಾಗಲದ ಮ್ಯಾಲ ಐತಲ್ಲವ್ವ ಕೆಂಪು ಬದಾಮದ ತೋರಣ, ಅದು ಇಕೀದ ಕೈ."

"ನಮ್ಮ ಮೊಮ್ಮಗನ ತೊಟ್ಟಿಲಕ್ಕ ಕಟ್ಟಿದ್ದೂ ಇಕೀನ ಹೆಣದದ್ದು."

ಶಂಭುಲಿಂಗಪ್ಪನವರ ಹೆಂಡತಿ ರೇವವ್ವ ಹೂವಿನ ಮಾಲೆ ಹಿಡಿದುಕೊಂಡು ಬಂದಳು. ಊರಿನ ದೊಡ್ಡ ಮನೆ ಅವರದು. ಎಲ್ಲರೂ ಸರಿದು ಜಾಗ ಕೊಟ್ಟರು. ಒಣಗಿದ ಕಣ್ಣನ್ನು ಸೆರಗಿನಿಂದ ಒರೆಸಿಕೊಳ್ಳುತ್ತ, "ಎಂಥಾ ಕೈ ಇತ್ತವ್ವಾ ಅದು! ಇಡೀ ತಾಲೂಕಿನ್ಯಾಗ ಇಂಥಾ ಕೈ ಇಲ್ಲ," ಅಂದಳು.

ನಾನು ಅವಳ ಮುಖವನ್ನೇ ನೋಡಿದೆ. ನಾಚಿಕೆಯ ಗುರುತು ಎಲ್ಲಿಯೂ ಇರಲಿಲ್ಲ. ಈ ಮಾತನ್ನು ಐದು ವರ್ಷದ ಹಿಂದೆ, ಇದೇ ಪಡಸಾಲೆಯಲ್ಲಿ, ಒಂದೇ ಒಂದು ಸಲ ಹೇಳಿದ್ದರೆ ಸಾಕಿತ್ತು. ಆಗ ಹೇಳಲಿಲ್ಲ. ಈಗ ಹೆಣಕ್ಕೆ ಹೇಳುತ್ತಿದ್ದಾಳೆ. ಹೆಣ ಯಾರ ಮನೆಗೂ ಹೋಗಿ ಯಾರ ಗುಟ್ಟನ್ನೂ ಬಿಚ್ಚುವುದಿಲ್ಲವಲ್ಲ, ಅದಕ್ಕೆ.

ಬದಾಮ ಅಂದರೆ ಏನೆಂದು ಹೇಳಬೇಕು. ಇಸ್ಪೀಟಿನ ಎಲೆಯ ಮೇಲೆ ಕೆಂಪು ಹೃದಯದ ಗುರುತು ಇರುತ್ತದಲ್ಲ, ಅದಕ್ಕೆ ನಮ್ಮ ಕಡೆ ಬದಾಮ ಅನ್ನುತ್ತಾರೆ. ಕಸ್ತೂರೆವ್ವ ಉಲ್ಲನ್ ದಾರದಿಂದ ಅಂಥ ಸಣ್ಣ ಸಣ್ಣ ಹೃದಯ ಹೆಣೆದು, ಒಳಗೆ ಅರಳೆ ತುಂಬಿ, ಸಾಲಾಗಿ ಪೋಣಿಸಿ ತೋರಣ ಮಾಡುತ್ತಿದ್ದಳು. ಸೂಲಗಿತ್ತಿ ಕೆಲಸಕ್ಕೆ ಅಣ್ಣಿಗೇರಿಯಿಂದ ಬರುತ್ತಿದ್ದ ನರ್ಸಬಾಯಿಯ ಚೀಲಕ್ಕೆ ಅಂಥದ್ದೊಂದು ಬದಾಮ ಜೋತುಬಿದ್ದಿದ್ದನ್ನು ನೋಡಿ ಅವಳಿಗೆ ಅದರ ಹುಚ್ಚು ಹಿಡಿದಿತ್ತು. ಹೆಣೆಯುವುದನ್ನು ಕಲಿಸಿದವಳು ಹಿತ್ತಲಾಚೆಯ ಮನೆಯ ಜಮೀಲಾಬಿ. ಕೊಂಡಿ ಇರುವ ಕ್ರೋಶಾ ಸೂಜಿಯಿಂದ ನಮಾಜಿನ ಟೊಪ್ಪಿಗೆ ಹೆಣೆದು ಹುಬ್ಬಳ್ಳಿಯ ಅಂಗಡಿಗೆ ಕಳಿಸುವುದು ಜಮೀಲಾಬಿಯ ಕಸುಬು. "ಏನಿಲ್ಲವ್ವ, ಗೊಂಬಿಗೆ ಎರಡು ಟೊಪ್ಪಿಗಿ ಹೆಣಿ. ಬಾಜೂಕ ಬಾಜೂ ಹಚ್ಚು. ಆಮ್ಯಾಲ ಎರಡನೂ ಕೂಡಿಸಿ ಸುತ್ತಲೂ ಕಡಿಮಿ ಮಾಡ್ಕೋತ ಕೆಳಗ ಬಾ, ಚೂಪ ಆಗ್ತೈತಿ," ಎಂದು ಹೇಳಿಕೊಟ್ಟಿದ್ದಳು. ಅರಳೆ ಕಸ್ತೂರೆವ್ವನದೇ. ಹತ್ತಿ ಬಿಡಿಸುವ ಕೂಲಿ ಮುಗಿದ ಮೇಲೆ, ಗಿಡದಲ್ಲಿ ಉಳಿದುಹೋದ ಹಕ್ಕಲ ಹತ್ತಿಯನ್ನು ಆಯ್ದು ತಂದು, ಕೂತು ಕೈಯಿಂದಲೇ ಕಾಳು ಬಿಡಿಸಿ ಇಟ್ಟುಕೊಳ್ಳುತ್ತಿದ್ದಳು.

ನನಗೆ ಆ ವಸ್ತುವಿನ ಮೇಲೆ ಎಂದೂ ಪ್ರೀತಿ ಇರಲಿಲ್ಲ. ತಿನ್ನಲು ಬಾರದು, ಉಡಲು ಬಾರದು, ಧೂಳು ಹಿಡಿಯುತ್ತದೆ. ಹಾಗೆಂದು ಅವಳ ಮುಂದೆಯೇ ಹೇಳುತ್ತಿದ್ದೆ. "ನಿಮ್ಮ ಪುಸ್ತಕರೀ?" ಅನ್ನುತ್ತಿದ್ದಳು. "ಅವನ್ನೂ ತಿನ್ನಾಕ ಬರೂದಿಲ್ಲ, ಅವೂ ಧೂಳ ಹಿಡೀತಾವ. ನಂದರ ಹಗರ ಐತಿ."

ಊರಿಗೆ ಮಾತ್ರ ಆ ಬದಾಮ ಬೇಕಾಯಿತು, ಅದೂ ಒಂದೇ ಕಾರಣಕ್ಕೆ. ಕನ್ಯೆ ನೋಡಲು ಬಂದವರ ಮುಂದೆ ಪಡಸಾಲೆಯಲ್ಲಿ ಹುಡುಗಿಯ ಕೈಕೆಲಸವನ್ನು ತೂಗುಹಾಕುವುದು ಇಲ್ಲಿಯ ಪದ್ಧತಿ. ಹುಡುಗನ ತಾಯಿ ಅದನ್ನು ಮುಟ್ಟಿ ನೋಡಿ, ತಿರುವಿ ನೋಡಿ, "ಇದು ನೀನ ಮಾಡೀಯೇನವ್ವ?" ಎಂದು ಕೇಳುತ್ತಾಳೆ. ಹುಡುಗಿ ತಲೆ ಬಗ್ಗಿಸುತ್ತಾಳೆ. ತಲೆ ಬಗ್ಗಿಸಿದರೆ ಹೌದೆಂದು ಅರ್ಥ, ಸುಳ್ಳು ಹೇಳಿದ ಪಾಪವೂ ಇಲ್ಲ. ಎಂಥ ಅನುಕೂಲದ ಪದ್ಧತಿ! ಒಂದೊಂದೇ ಮನೆಯವರು ಕಸ್ತೂರೆವ್ವನಿಗೆ ದಾರ ತಂದುಕೊಟ್ಟು ತೋರಣ ಮಾಡಿಸಿಕೊಂಡರು. ಹೊಲ ಮನೆ ಇದ್ದವರ ಹೆಣ್ಣುಮಕ್ಕಳೆಲ್ಲ ಅವಳ ಕೈಯನ್ನು ತಮ್ಮದೆಂದು ತೋರಿಸಿ ಗಂಡನ ಮನೆಗೆ ಹೋದರು.

ಕಸ್ತೂರೆವ್ವ ನನ್ನೆದುರು ಅವರನ್ನೆಲ್ಲ ಆಡಿಕೊಂಡು ನಗುತ್ತಿದ್ದಳು. "ರೇವಕ್ಕಾರ ದೊಡ್ಡ ಮಗಳು ಸೂಜಿ ಕಂಡ್ರ ಹಾವು ಕಂಡಂಗ ಹಿಂದ ಸರೀತಾಳ್ರೀ ಅಕ್ಕೋರ. ಲಂಗದ ಗುಂಡಿ ಹಚ್ಚಾಕ ದರ್ಜಿ ಬೇಕ ಆಕಿಗೆ. ಆಕಿ ಹೆಣದಾಳಂತ ಬದಾಮ!"

"ಮತ್ತ ನೀ ಯಾಕ ಮಾಡಿ ಕೊಡ್ತಿ?"

"ಕೈ ಸುಮ್ಕಿರೂದಿಲ್ಲರಿ. ಯಾರರ ಒಬ್ಬರು ಒಂದಿನ ಮಂದಿ ಮುಂದ ಅಂತಾರ, ಇದು ಕಸ್ತೂರಿ ಕೈ ಅಂತ. ಅಷ್ಟ ಅಂದ್ರ ಸಾಕು ನನಗ."

"ಅನ್ನೂದಿಲ್ಲ," ಎಂದಿದ್ದೆ ನಾನು.

"ಅಂತಾರ ಸುಮ್ನಿರ್ರಿ. ನಿಮಗ ಮಂದೀ ಮ್ಯಾಲ ನಂಬಿಗಿ ಇಲ್ಲ."

ನಿಜ. ನನಗೆ ಇರಲಿಲ್ಲ.

ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ ದುಮ್ಮವಾಡದ ಒಂದು ಮನೆತನದವರು ನೀಲಕ್ಕನನ್ನು ನೋಡಲು ಬರುವುದೆಂದಾಯಿತು. ಹುಡುಗನಿಗೆ ಸೊಸೈಟಿಯಲ್ಲಿ ನೌಕರಿ. ಅದೇ ಜನ ಅದಕ್ಕೂ ಮೊದಲು ರೇವವ್ವನ ದೊಡ್ಡ ಮಗಳನ್ನು ನೋಡಿ ಹೋಗಿದ್ದರು, ಕೂಡಿಬಂದಿರಲಿಲ್ಲ. ಆಮೇಲೆ ಆ ಹುಡುಗಿಗೆ ಕುಂದಗೋಳದ ಕಡೆಯ ಬೇರೊಂದು ಮನೆತನದಲ್ಲಿ ನಿಶ್ಚಯವಾಗಿತ್ತು. ದುಮ್ಮವಾಡದವರಿಗೆ ಕಸ್ತೂರೆವ್ವನ ಮನೆ ತೋರಿಸಿದವಳೂ ರೇವವ್ವನೇ. ಅದು ಉಪಕಾರವೆಂದು ಅವಳ ಎಣಿಕೆ.

ಕಸ್ತೂರೆವ್ವ ಗಂಡನನ್ನು ಕಳೆದುಕೊಂಡವಳು. ಅಂಥ ಹೊತ್ತಿನಲ್ಲಿ ಅವಳು ಮುಂದೆ ಬಂದು ಅರಿಷಿಣ ಕುಂಕುಮ ಕೊಡಬಾರದು, ಬೀಗರೊಂದಿಗೆ ಎದುರು ಕೂತು ಮಾತಾಡಬಾರದು. ಯಾರಾದರೂ ಮುತ್ತೈದೆ ಬಂದು ತಾಯಿಯ ಜಾಗದಲ್ಲಿ ಕೂರಬೇಕು. ರೇವವ್ವನೇ ಬಂದು ಕೂತಳು. ಸ್ವಂತ ಮನೆಯಲ್ಲಿ ಕಸ್ತೂರೆವ್ವ ಅಡಿಗೆಮನೆಯ ಬಾಗಿಲ ಮರೆಗೆ ನಿಂತಳು. ನಾನು ಸಾಲೆಯಲ್ಲಿದ್ದೆ. ನಡೆದದ್ದನ್ನು ಹಿತ್ತಲ ಬಾಗಿಲಲ್ಲಿ ನಿಂತು ನೋಡಿದ ಜಮೀಲಾಬಿ ಹೇಳಿದಳು, ನೀಲಕ್ಕನೂ ಹೇಳಿದಳು. ಇಬ್ಬರ ಮಾತಿನಲ್ಲಿ ವ್ಯತ್ಯಾಸವಿರಲಿಲ್ಲ.

ಹುಡುಗನ ತಾಯಿ ಉಪ್ಪಿಟ್ಟು ತಿಂದಳು, ಚಹಾ ಕುಡಿದಳು, ಹುಡುಗಿಯನ್ನು ನಡೆಸಿ ನೋಡಿದಳು. ಮೆಚ್ಚಿದಳು. ಆಮೇಲೆ ತಲೆ ಎತ್ತಿ ಬಾಗಿಲ ಮೇಲಿನ ತೋರಣ ನೋಡಿದಳು.

"ರೇವವ್ವಾರ, ಇದು ನಾವು ನಿಮ್ಮ ಮನ್ಯಾಗ ನೋಡಿದ್ದ ತೋರಣ ಅಲ್ಲೇನ್ರಿ? ನಿಮ್ಮ ಮಗಳು ಮಾಡಿದ್ದು?"

ಮೊರಬದಲ್ಲಿ ಅಂದು ಸುಳ್ಳಲ್ಲದ ತೋರಣ ಒಂದಿದ್ದರೆ ಅದು ಅದೊಂದೇ. ಅದರ ಬದಾಮಗಳನ್ನು ಹೆಣೆದವಳು ಸ್ವತಃ ನೀಲಕ್ಕ. ತಾಯಿ ಪಕ್ಕದಲ್ಲಿ ಕೂತು ಕಲಿಸಿದ್ದಳು. ತಾಯಿಯ ಕೈಯೇ ಮಗಳಿಗೂ ಬಂದಿತ್ತು, ಆದ್ದರಿಂದ ಎರಡೂ ತೋರಣ ಒಂದೇ ಥರ ಇದ್ದವು.

ರೇವವ್ವ ನಕ್ಕು ಹೇಳಿದಳಂತೆ: "ಬಡವರ್ರೀ, ಪಾಪ. ತೂಗಹಾಕಾಕ ಮನ್ಯಾಗ ಏನೂ ಇರಲಿಲ್ಲ. ಬಂದು ಕೇಳಿದ್ರು, ಕೊಟ್ವಿ. ಮನಸಿಗೆ ಹಚ್ಕೋಬ್ಯಾಡ್ರಿ."

ಜಮೀಲಾಬಿ ತಡೆಯಲಾರದೆ ಹಿತ್ತಲ ಬಾಗಿಲಿಂದಲೇ ಕೂಗಿದಳು: "ಅಯ್ಯ, ಅದು ಈ ಹುಡಿಗೀದ ಕೈರೀ! ಇವರವ್ವಗ ನಾನ ಕಲಿಸೇನ್ರಿ!"

"ಜಮೀಲಾ, ನೀ ಹೋಗಿ ನಿನ್ನ ಟೊಪ್ಪಿಗಿ ಹೆಣಿ," ಅಂದಳು ರೇವವ್ವ, ಹಿಂತಿರುಗಿ ಕೂಡ ನೋಡದೆ.

ದುಮ್ಮವಾಡದ ಹೆಂಗಸು ಎದ್ದು ನಿಂತಳು. "ಒಂದು ತೋರಣಕ್ಕ ಸುಳ್ಳ ಹೇಳೂ ಮನೀ ಹೆಣ್ಣು ನಮಗ ಬ್ಯಾಡ್ರಿ," ಎಂದಳು. ಕೊಟ್ಟಿದ್ದ ಎಲೆ ಅಡಿಕೆಯನ್ನು ಹಾಗೆಯೇ ಬಿಟ್ಟು ಹೋದಳು. ಈ ಹೆಂಗಸಿನ ಬುದ್ಧಿಯನ್ನೂ ಮೆಚ್ಚಬೇಕು. ಎರಡು ಮನೆಯಲ್ಲಿ ಒಂದೇ ತೋರಣ ಕಂಡರೆ, ಅದು ದೊಡ್ಡ ಮನೆಯಿಂದ ಸಣ್ಣ ಮನೆಗೆ ಬಂದಿರಲೇಬೇಕು. ಸಣ್ಣ ಮನೆಯಿಂದ ದೊಡ್ಡ ಮನೆಗೆ ಹೋಗಿರಬಹುದೆಂದು ಅವಳಿಗೆ ಹೊಳೆಯಲೇ ಇಲ್ಲ. ಹುಡುಗಿಯ ಕೈಗೆ ಸೂಜಿ ಕೊಟ್ಟು ನೋಡೋಣ ಎಂದೂ ಅನಿಸಲಿಲ್ಲ. ಮಗ ಸೊಸೈಟಿಯಲ್ಲಿ ನೌಕರಿಗೆ ಇದ್ದ, ಅಷ್ಟು ಬುದ್ಧಿ ಸಾಕಾಗಿತ್ತು.

ಸಂಜೆ ನಾನು ಹೋದಾಗ ಕಸ್ತೂರೆವ್ವ ಉಳಿದ ಉಪ್ಪಿಟ್ಟನ್ನು ಎಮ್ಮೆಗೆ ಹಾಕುತ್ತಿದ್ದಳು.

"ಬಾಗಲ ಹಿಂದ ನಿಂತಿದ್ದೆಲ್ಲಾ. ನಿನ್ನ ಬಾಯಿಗೇನಾಗಿತ್ತು?" ಎಂದು ಕೇಳಿದೆ.

"ನಾ ಬಾಯಿ ಬಿಟ್ಟಿದ್ರ ರೇವಕ್ಕಾರ ಮಗಳ ನಿಶ್ಚಯ ಮುರೀತಿತ್ತು. ಕುಂದಗೋಳದವರೂ ಅವರ ಮನ್ಯಾಗಿನ ತೋರಣ ನೋಡಿ ಒಪ್ಯಾರ. ಆ ಹುಡುಗಿ ಏನ ಮಾಡೇತ್ರಿ?"

"ನಿನ್ನ ಹುಡುಗಿ ಏನ ಮಾಡಿತ್ತು?"

ಎಮ್ಮೆ ಉಪ್ಪಿಟ್ಟು ತಿಂದು ಮುಸುರೆ ಬಾನಿಯನ್ನು ನೆಕ್ಕಿತು.

ಅವಳ ಈ ಒಳ್ಳೆಯತನವನ್ನು ನಾನು ಅಂದೂ ಗೌರವಿಸಲಿಲ್ಲ, ಈಗ ಅವಳು ಸತ್ತಿದ್ದಾಳೆಂದು ಗೌರವಿಸುವುದೂ ಇಲ್ಲ. ಇಂಥ ಒಳ್ಳೆಯತನದ ಮೇಲೆಯೇ ರೇವವ್ವನಂಥವರು ಮನೆ ಕಟ್ಟುತ್ತಾರೆ. ರೇವವ್ವನ ದೊಡ್ಡ ಮಗಳ ಮದುವೆಗೆ ಇಡೀ ಮೊರಬ ಹೋಗಿ ಉಂಡು ಬಂತು. ತೋರಣ ಯಾರದೆಂದು ಗೊತ್ತಿಲ್ಲದವರು ಅದರಲ್ಲಿ ಒಬ್ಬರೂ ಇರಲಿಲ್ಲ. ಕಸ್ತೂರೆವ್ವ ಕೂಡ ಹೋಗಿ ಹೋಳಿಗೆ ತಟ್ಟಿದಳು.

ಮುಂದೆ ನೀಲಕ್ಕನಿಗೆ ಅಳ್ನಾವರದ ಕಡೆ ಮದುವೆಯಾಯಿತು. ಹುಡುಗ ಹೊಳೆಪ್ಪ, ರೇಲ್ವೆ ಹಳಿಯ ಮೇಲೆ ಕೆಲಸ ಮಾಡುವವನು. ಅವನು ಕನ್ಯೆ ನೋಡಲು ಒಬ್ಬನೇ ಬಂದಿದ್ದ. ಗೋಡೆ, ಬಾಗಿಲು ಯಾವುದನ್ನೂ ನೋಡಲಿಲ್ಲ. "ಇನ್ನೊಂದ ಕಪ್ಪು ಚಾ ಸಿಗ್ತೈತೇನ್ರಿ?" ಎಂದು ಕೇಳಿದ್ದು ಬಿಟ್ಟರೆ ಬೇರೆ ಏನನ್ನೂ ಕೇಳಲಿಲ್ಲ. ಈ ವೃತ್ತಾಂತದಲ್ಲಿ ನನಗೆ ಮರ್ಯಾದಸ್ಥನಾಗಿ ಕಾಣುವ ಗಂಡಸು ಅವನೊಬ್ಬ.

ಈ ವರ್ಷ ಕಸ್ತೂರೆವ್ವನ ಕಣ್ಣು ಹಳದಿಯಾದವು. ಊಟ ಸೇರುತ್ತಿರಲಿಲ್ಲ. ಗಿಡಮೂಲಿಕೆ ಔಷಧ ಕುಡಿದಳು, ನವಲಗುಂದದ ದವಾಖಾನೆಗೆ ನಾನೇ ಕರೆದುಕೊಂಡು ಹೋಗಿಬಂದೆ. ಆ ಸ್ಥಿತಿಯಲ್ಲಿ ಮಲಗಿದವಳಿಗೆ ರೇವವ್ವ ಕೆಂಪು ಉಲ್ಲನ್ ದಾರ ಕಳಿಸಿದಳು. ಸಣ್ಣ ಮಗಳನ್ನು ನೋಡಲು ಬರುತ್ತಾರಂತೆ, ಬದಾಮದ ತೋರಣ ಬೇಕಂತೆ.

"ವಾಪಸ್ ಕಳಸು," ಎಂದೆ.

"ಮಲ್ಕೊಂಡ ಬ್ಯಾಸರ ಆಗೇತ್ರಿ," ಎಂದು ಸೂಜಿ ತೆಗೆದಳು.

ದಿಂಬಿಗೆ ಆನಿಕೊಂಡು ಹೆಣೆದಳು. ಮೊದಲಿನ ಬಿಗಿ ಇರಲಿಲ್ಲ, ಆದರೂ ಒಂದಕ್ಕೊಂದು ಸಮನಾಗಿಯೇ ಬಂದವು. ಹಕ್ಕಲ ಹತ್ತಿ ಆರಿಸಲು ಈ ಸಲ ಹೋಗಲಾಗಿರಲಿಲ್ಲ. ತಲೆಯ ಕೆಳಗಿನ ದಿಂಬಿನ ಹೊಲಿಗೆ ಬಿಚ್ಚಿ, ಅದರ ಅರಳೆಯನ್ನೇ ತೆಗೆದು ತುಂಬಿದಳು. ದಿಂಬು ತೆಳ್ಳಗಾಗಿ ಅರಿವೆಯ ಹಾಗೆ ಬಿತ್ತು. ನಾನು ಸಿಟ್ಟಿನಿಂದ ಎರಡು ದಿನ ಆ ಕಡೆ ಹೋಗಲಿಲ್ಲ.

ಅವಳು ತೀರಿಕೊಳ್ಳುವ ಹಿಂದಿನ ದಿನ, ರವಿವಾರ, ಹೋಗಿ ಕೂತಿದ್ದೆ. ರೇವವ್ವ ತೋರಣ ನೋಡಲು ತಾನೇ ಬಂದಳು. ರೋಗದ ಹೆದರಿಕೆಗೆ ಹೊಸ್ತಿಲ ಆಚೆಯೇ ನಿಂತಳು.

"ಚಲೋ ಆಗ್ಯಾವ, ಕಸ್ತೂರಿ. ಮತ್ತ ಇದರಂಥಾದ್ದ ಇನ್ನೊಂದು ಯಾರಿಗೂ ಮಾಡಿಕೊಡಬ್ಯಾಡ ನೋಡು. ಆವತ್ತು ನೀಲಕ್ಕನ ಸಲುವಾಗಿ ನಾವು ನಮ್ಮ ತೋರಣ ಕೊಟ್ಟು, ಆ ದುಮ್ಮವಾಡದವರ ಮುಂದ ಎಷ್ಟು ಮುಜುಗರ ಆತು."

ಅವಳು ಅದನ್ನು ನಂಬಿಬಿಟ್ಟಿದ್ದಳು. ತಾನು ಹುಟ್ಟಿಸಿದ ಸುಳ್ಳು ಐದು ವರ್ಷದಲ್ಲಿ ಅವಳ ಪಾಲಿಗೆ ನಡೆದ ಸಂಗತಿಯಾಗಿತ್ತು, ಅದೂ ತಾನು ಮಾಡಿದ ದಾನವಾಗಿ.

ಕಸ್ತೂರೆವ್ವ ಹಳದಿ ಕಣ್ಣು ಎತ್ತಿ ಅವಳನ್ನು ನೋಡಿದಳು. "ರೇವಕ್ಕಾರ, ಆವತ್ತಿನ ತೋರಣ ಯಾರ ಕೈಯಿಂದು? ಅಕ್ಕೋರು ಕುಂತಾರ, ಅವರ ಮುಂದ ಒಂದ ಮಾತ ಹೇಳಿಬಿಡ್ರಿ."

"ಈಗ್ಯಾಕವ್ವ ಆ ಹಳೇ ಮಾತು? ಜಡ್ಡಿನ್ಯಾಗ ಏನೇನರ ನೆನಸ್ಕೋಬ್ಯಾಡ. ನಾಳೆ ಆಳು ಕಳಸ್ತೀನಿ, ಕೊಟ್ಟು ಕಳಸು," ಎಂದು ಸೆರಗು ಹೊದ್ದುಕೊಂಡು ಹೋದಳು.

ಕಸ್ತೂರೆವ್ವ, "ನೀವಂದದ್ದ ಖರೇರೀ ಅಕ್ಕೋರ," ಎಂದಳು. "ಅನ್ನೂದಿಲ್ಲ ಅವರು."

ತೋರಣವನ್ನು ಮಡಿಲಲ್ಲಿ ಹಾಕಿಕೊಂಡು ಒಂದು ಬದಾಮದ ಚೂಪು ತುದಿಯ ಗಂಟು ಹುಡುಕಿ ಹಲ್ಲಿನಿಂದ ಕಡಿದಳು. ಎಳೆದಳು. ಹೆಣಿಗೆ ಸರಸರನೆ ಬಿಚ್ಚಿಕೊಂಡು ಬಂತು. ಒಳಗಿನ ಅರಳೆಯ ಮುದ್ದೆ ಹೊರಗೆ ಬಿತ್ತು. ಇನ್ನೊಂದು ಬಿಚ್ಚಿದಳು, ಮತ್ತೊಂದು ಬಿಚ್ಚಿದಳು. ನಾನು ಕೈ ಹಚ್ಚಲು ಹೋದರೆ ಬೇಡವೆಂದಳು. ಒಂದರ ದಾರಕ್ಕೆ ಇನ್ನೊಂದರ ದಾರ ಗಂಟು ಹಾಕುತ್ತ ಉಂಡೆ ಸುತ್ತಿದಳು. ಹೆಣಿಗೆಯ ಸುಕ್ಕು ಹಾಗೆಯೇ ಉಳಿದ, ಗಂಟು ಗಂಟಿನ ಉಂಡೆ. ಅದನ್ನು ರೇವವ್ವ ಕಳಿಸಿದ್ದ ಚೀಲದಲ್ಲಿಯೇ ಹಾಕಿ, ಆಳಿನ ಕೈಗೆ ಸಿಗುವಂತೆ ಹೊಸ್ತಿಲ ಬಳಿ ಇಡಲು ನನಗೆ ಹೇಳಿದಳು.

"ದಾರ ಅವರದು," ಎಂದಳು. "ಅರಳಿ ನಂದು."

ಮಡಿಲಲ್ಲಿ ಬಿದ್ದಿದ್ದ ಅರಳೆಯನ್ನೆಲ್ಲ ಬಳಿದು ಮತ್ತೆ ದಿಂಬಿನೊಳಗೆ ತುಂಬಿದಳು. ಮೂಲೆಗಳವರೆಗೆ ಬೆರಳಿನಿಂದ ಒತ್ತಿದಳು. ಬಾಯಿ ಹೊಲಿದಳು, ಎರಡು ಕಡೆ ತಟ್ಟಿ ಉಬ್ಬಿಸಿದಳು, ತಲೆಯ ಕೆಳಗೆ ಇಟ್ಟುಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದಳು.