ಐದನೆಯ ಅಕ್ಷರ

ಅತ್ತೆಯ ಬಲಗೈ ಹೆಬ್ಬೆರಳಿಗೆ ಸ್ಟಾಂಪ್ ಪ್ಯಾಡಿನ ನೇರಳೆ ಬಣ್ಣ ಹತ್ತಿಕೊಂಡೇ ಇರುತ್ತಿತ್ತು. ಸಹಿ ಬಾರದವರ ಕೈ ಹಿಡಿದು ಹೆಬ್ಬೆಟ್ಟು ಒತ್ತಿಸುವಾಗ ಅಂಟಿದ್ದು. ಎಷ್ಟು ಉಜ್ಜಿದರೂ ಉಗುರಿನ ಸಂದಿಯಲ್ಲಿ ಉಳಿಯುತ್ತಿತ್ತು. ಅಕ್ಕಿರೊಟ್ಟಿ ತಟ್ಟುವಾಗ ನಾನು, "ಅತ್ತೆ, ರೊಟ್ಟಿಗೂ ಸೀಲು ಹಾಕ್ತೀರಾ?" ಎಂದರೆ, "ಹಾಕ್ದೆ ತಿಂದ್ರೆ ಅರಗಲ್ಲ ಮಾರಾಯ್ತಿ" ಎನ್ನುತ್ತಿದ್ದರು.

ಅವರು ಅಪ್ಪನ ತಂಗಿ. ಮದುವೆಯಾಗದೆ ಭದ್ರಾವತಿಯ ಕ್ವಾರ್ಟರ್ಸಿನಲ್ಲಿ ನಮ್ಮೊಂದಿಗೇ ಇದ್ದರು. ಅಪ್ಪ ಕಾರ್ಖಾನೆಯ ಗುಮಾಸ್ತ. ಅತ್ತೆ ದಿನಾ ಬಸ್ಸು ಹಿಡಿದು ಶಿವಮೊಗ್ಗದ ದುರ್ಗಿಗುಡಿಗೆ, ಒಬ್ಬ ತೆರಿಗೆ ಸಲಹೆಗಾರರ ಮಹಡಿ ಆಫೀಸಿಗೆ ಹೋಗುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ಎಲ್ಲರೂ ಪ್ಯಾನ್ ನಂಬರಿಗೆ ಅರ್ಜಿ ಹಾಕತೊಡಗಿದಾಗ ಅತ್ತೆಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ.

ಆ ನಂಬರೆಂದರೆ ಅವರಿಗೆ ಒಂದು ಕುಟುಂಬವೇ. ಮೊದಲು ಐದು ಅಕ್ಷರ, ಆಮೇಲೆ ನಾಲ್ಕು ಅಂಕಿ, ಕೊನೆಗೊಂದು ಅಕ್ಷರ. ಮೊದಲ ಮೂರಕ್ಷರ ಬರೀ ಸರದಿಯವು. ನಾಲ್ಕನೆಯದು 'ಪಿ' ಆದರೆ ಇದು ಮನುಷ್ಯ, ಕಂಪನಿಯಲ್ಲ ಎಂದರ್ಥ. ಐದನೆಯದು ಸರ್‌ನೇಮಿನ ಮೊದಲಕ್ಷರ. ಗಾಂಧಿ ಬಜಾರಿನ ಬಟ್ಟೆ ಅಂಗಡಿಯವರೊಬ್ಬರು ತಮ್ಮ ನಂಬರು ಗೀಚಿಕೊಂಡು ಬಂದು, ಆರನೆಯದು ಸೊನ್ನೆಯೋ 'ಓ'ನೋ ತಿಳಿಯದೆ ಒದ್ದಾಡಿದಾಗ ಅತ್ತೆ ನಕ್ಕಿದ್ದರಂತೆ. "ಅದು ಅಂಕಿ ಕೂರೋ ಜಾಗ ಸಾಹುಕಾರ್ರೇ, ಅಕ್ಷರನ ಅಲ್ಲಿ ಸೇರ್ಸಲ್ಲ." ಕೊನೆಯ ಅಕ್ಷರದ ಮೇಲಂತೂ ಅವರಿಗೆ ವಿಶೇಷ ಪ್ರೀತಿ. "ಹಿಂದಿನ ಒಂಬತ್ತನ್ನೂ ಲೆಕ್ಕ ಹಾಕಿ ಇದನ್ನ ಇಡ್ತಾರೆ. ಆ ಲೆಕ್ಕ ಏನು ಅಂತ ಯಾರಿಗೂ ಹೇಳಲ್ಲ. ಒಂದು ತಪ್ಪಿದ್ರೂ ಇದು ಒಪ್ಪಲ್ಲ. ಮನೆ ಕಿರೀಮಗಳು ಇದ್ದಂಗೆ, ಎಲ್ರ ಮೇಲೂ ಕಣ್ಣು." ಅಜ್ಜನ ಮನೆಯ ಕಿರಿಮಗಳು ಅವರೇ.

ನಮ್ಮ ಕಡೆಯವರಿಗೆ ಇನಿಷಿಯಲ್ ಉಂಟು, ಸರ್‌ನೇಮು ಎಲ್ಲಿಂದ ಬರಬೇಕು? ಅಡುಗೆಮನೆಯ ನೆಲದ ಮೇಲೆ ಕೂತು ಅಪ್ಪನ ಅರ್ಜಿ, ತಮ್ಮದೇ ಅರ್ಜಿ ಎರಡನ್ನೂ ತುಂಬುತ್ತಿದ್ದ ಅತ್ತೆ ಆ ಕಾಲಮ್ಮಿಗೆ ಬಂದು ನಿಂತರು.

"ಇಲ್ಲದ್ದನ್ನ ಎಲ್ಲಿಂದ ತರೋದು, ಖಾಲಿ ಬಿಡು" ಎಂದರು ಅಪ್ಪ.

"ಬಿಟ್ರೆ ವಾಪಸ್ ಬರುತ್ತೆ ಅಣ್ಣ. ನಮ್ಮೂರ ಹೆಸರೇ ಹಾಕ್ತೀನಿ."

ಇನಿಷಿಯಲ್ಲಿನಲ್ಲಿ ಮುದುಡಿ ಕೂತಿದ್ದ ಹೊಳೆಹೊನ್ನೂರು ಹಾಗೆ ಇಬ್ಬರ ಸರ್‌ನೇಮಾಯಿತು. ಕಾರ್ಡು ಬಂದಾಗ ಎರಡರಲ್ಲೂ ಐದನೆಯ ಅಕ್ಷರ 'ಎಚ್'. "ನಾವಿಬ್ರೂ ಒಂದೇ ಮನೆಯೋರು ಅಂತ ಸರ್ಕಾರನೇ ಬರ್ಕೊಟ್ಟಿದೆ ನೋಡಣ್ಣ" ಎಂದು ಅತ್ತೆ ಎರಡನ್ನೂ ದೇವರ ಮುಂದಿಟ್ಟರು.

ನಲವತ್ತು ದಾಟಿದ ಮೇಲೆ ಅತ್ತೆ, ಆಫೀಸಿಗೆ ಬರುತ್ತಿದ್ದ ಒಬ್ಬರನ್ನು ಮದುವೆಯಾಗುತ್ತೇನೆಂದರು. ಹೆಂಡತಿ ತೀರಿಕೊಂಡಿದ್ದ, ಶಿವಮೊಗ್ಗದಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದ ಸಾಧು ಮನುಷ್ಯ. ಅಪ್ಪನಿಗೆ ಊರ ಬಾಯಿಯ ಭಯ. "ಹೋಗೋದಾದ್ರೆ ಹೋಗು. ಈ ಮನೆ ಇತ್ತು ಅನ್ನೋದನ್ನ ಮರ್ತುಬಿಡು" ಎಂದುಬಿಟ್ಟರು. ಅತ್ತೆ ಹೋದರು. ಗಂಡನ ಮನೆಯವರು ತಮ್ಮ ಪದ್ಧತಿಯಂತೆ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಹೊಸ ಹೆಸರು ಬರೆಸಿದರು. ರೇಷನ್ ಕಾರ್ಡು, ವೋಟರ್ ಕಾರ್ಡು, ಕೊನೆಗೆ ಪ್ಯಾನ್ ಕಾರ್ಡಿನಲ್ಲೂ ಅದೇ ಹೆಸರು ಬಂತು.

ನಾನು ಶಂಕರಘಟ್ಟದಲ್ಲಿ ಎಂ.ಎ. ಓದುವಾಗ ಶನಿವಾರಗಳಲ್ಲಿ ಅವರ ಮನೆಗೆ ಹೋಗುತ್ತಿದ್ದೆ. ತಲೆಗೆ ಎಣ್ಣೆ ಒತ್ತುತ್ತಾ ಒಂದೇ ಪ್ರಶ್ನೆ: "ಅಣ್ಣ ನನ್ನ ಸುದ್ದಿ ಏನಾದ್ರೂ ಎತ್ತಿದ್ನಾ?" ಇಲ್ಲವೆನ್ನಲಾರದೆ ನಾನು ಕಾಲೇಜಿನ ಮಾತು ತೆಗೆಯುತ್ತಿದ್ದೆ. ಒಮ್ಮೆ ಹೊಸ ಕಾರ್ಡು ತೋರಿಸಿದರು. "ಮದುವೆಯಾದ್ರೆ ಹೆಸರು ಬದಲಾಯ್ಸಬಹುದು ಕಣೇ, ನಂಬರ್ ಬದಲಾಗಲ್ಲ. ಒಬ್ರಿಗೆ ಒಂದೇ, ಸಾಯೋತನಕ." ನೇರಳೆ ಬೆರಳು 'ಎಚ್' ಮೇಲೆ ನಿಂತಿತ್ತು. "ಇದೊಂದನ್ನ ಅಣ್ಣನ ಕೈಲೂ ಅಳಿಸೋಕಾಗಲ್ಲ." ನಗುತ್ತಲೇ ಹೇಳಿದರು. ನನಗೆ ಮಾತ್ರ ಅಳು ಬಂತು.

ಅತ್ತೆ ಕಾಯಿಲೆ ಬಿದ್ದು ಬೇಗ ಹೋಗಿಬಿಟ್ಟರು. ಅಪ್ಪ ಮಣ್ಣಿಗೂ ಹೋಗಲಿಲ್ಲ. ಬಾಗಿಲು ಹಾಕಿಕೊಂಡು ಕೂತಿದ್ದರು. ತಿಥಿ ಕಳೆದ ಮೇಲೆ ಮಾವ ಮೊದಲ ಬಾರಿಗೆ ನಮ್ಮ ಮನೆಗೆ ಬಂದರು. ಜಗಲಿಯಲ್ಲೇ ನಿಂತು ಕಾರ್ಡು ಚಾಚಿದರು.

"ಇದನ್ನ ಇಲಾಖೆಗೆ ವಾಪಸ್ ಒಪ್ಪಿಸ್ಬೇಕಂತೆ. ಅದಕ್ಕೂ ಮುಂಚೆ ಅಣ್ಣಂಗೆ ತೋರ್ಸಿ ಅಂದಿದ್ಲು."

ಅಪ್ಪ ಕನ್ನಡಕ ಹಾಕಿಕೊಂಡು ಓದಿದರು. ಹೊಸ ಹೆಸರು, ಗಂಡನ ಮನೆಯ ಸರ್‌ನೇಮು. "ಇದ್ರಲ್ಲಿ ನಮ್ಮದೇನಿದೆ?" ಎಂದರು.

ನಾನು ಐದನೆಯ ಅಕ್ಷರದ ಮೇಲೆ ಬೆರಳಿಟ್ಟೆ. ಅಪ್ಪ ಒಳಗೆ ಹೋಗಿ ತಮ್ಮ ಕಾರ್ಡು ತಂದು ಅದರ ಪಕ್ಕ ಹಿಡಿದರು. ಅಡುಗೆಮನೆಯ ನೆಲದ ಮೇಲೆ ತುಂಬಿದ ಆ ಅರ್ಜಿಗಳು ಅವರಿಗೆ ನೆನಪಾಗಿರಬೇಕು. ಎರಡು 'ಎಚ್'ಗಳನ್ನೂ ಮತ್ತೆ ಮತ್ತೆ ನೋಡಿದರು.

"ವಾಪಸ್ ಕೊಡ್ಬೇಡಿ" ಎಂದರು ಕೊನೆಗೆ. "ಇಲ್ಲಿ ಬಿಟ್ಟೋಗಿ. ಇದಾದ್ರೂ ಮನೆಗೆ ಬರಲಿ."

ಮಾವನನ್ನು ಒಳಗೆ ಕರೆದು ಊಟಕ್ಕೆ ಕೂರಿಸಿದ್ದು ಆಮೇಲೆ. ಅತ್ತೆ ಕೂರುತ್ತಿದ್ದ ಜಾಗದಲ್ಲಿ ಅಪ್ಪ ಯಾರಿಗೂ ಎಲೆ ಹಾಕಗೊಡಲಿಲ್ಲ.