ಸುಸನ್ನಾ ಬಚ್ಚಿಟ್ಟ ಅಳತೆ

ಬೆಳಗಿನ ಆರು ಗಂಟೆ. ನೌಬಾದದ ರಶೀದ ಅಹ್ಮದರ ಗ್ಯಾರೇಜಿನ ಶಟರ್ ಇನ್ನೂ ಅರ್ಧವಷ್ಟೇ ಎದ್ದಿದೆ. ಒಳಗೆ ಸುಸನ್ನಾ ಬಿಳಿ ಪಿಂಗಾಣಿ ಟ್ರೇ ಮೇಲೆ ನಾಲ್ಕು ಸ್ಪಾರ್ಕ್ ಪ್ಲಗ್‌ಗಳನ್ನು ಸಾಲಾಗಿ ಮಲಗಿಸಿದ್ದಾರೆ. ಅದು ನರ್ಸ್ ಆಗಿದ್ದ ತಾಯಿಯ ಟ್ರೇ. ಪ್ಲಗ್ಗಿನ ತುದಿಯ ಸಂದಿಗೆ ಅಳತೆಯ ತಂತಿ ತೂರಿಸುತ್ತಾರೆ, ಹೊರಗಿನ ಕೊಂಡಿಯನ್ನು ಕೂದಲೆಳೆಯಷ್ಟು ಬಗ್ಗಿಸುತ್ತಾರೆ, ಮತ್ತೆ ತೂರಿಸಿ ನೋಡುತ್ತಾರೆ.

"ನಡುವಿನ ಕಡ್ಡಿ ಕೂಸಿನ ನೆತ್ತಿ ಇದ್ದಂಗ್ರಿ. ಅದಕ್ಕ ಕೈ ಹಚ್ಚಬಾರದು" ಎನ್ನುತ್ತಾರೆ.

ವಯಸ್ಸು ನಲವತ್ತೆಂಟು. ಮೊದಲು ಹನ್ನೊಂದು ವರ್ಷ ಬಿಡಿಭಾಗಗಳ ಅಂಗಡಿಯಲ್ಲಿ ಪ್ಲಗ್ ಮಾರಿದವರು. ಗಿರಾಕಿ ತಂದ ಹಳೆಯ ಪ್ಲಗ್ಗಿನ ಬಣ್ಣ ನೋಡಿಯೇ ಎಂಜಿನ್ನಿನ ಕಾಯಿಲೆ ಹೇಳುತ್ತಿದ್ದರು. ಅದನ್ನು ಕಂಡೇ ರಶೀದರು ಇವರನ್ನು ಗ್ಯಾರೇಜಿಗೆ ಕರೆತಂದದ್ದು. ಹೊಸದರಲ್ಲಿ ಜನ ಇವರನ್ನೇ "ಮಿಸ್ತ್ರಿ ಎಲ್ಲಿ?" ಎಂದು ಕೇಳುತ್ತಿದ್ದರು. ಈಗ ದಿನಕ್ಕೆ ಐವತ್ತು ಪ್ಲಗ್ಗಾದರೂ ಇವರ ಕೈಯಿಂದ ಹೋಗುತ್ತವೆ.

ಇವತ್ತಿನ ನಾಲ್ಕು ಪ್ಲಗ್ ಭಾಲ್ಕಿಯ ಬಟ್ಟೆ ವ್ಯಾಪಾರಿ ಮಲ್ಲಿಕಾರ್ಜುನಪ್ಪನವರ ಕಾರಿನವು. ಆ ಕಾರಿಗೆ ಸೂಪರ್‌ಚಾರ್ಜರ್ ಇದೆ, ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ. ಅಂಥ ಎಂಜಿನ್ನಿಗೆ ಬೇಗ ಕಾವು ಬಿಡುವ ತಣ್ಣನೆಯ ಜಾತಿಯ ಪ್ಲಗ್ಗೇ ಆಗಬೇಕು. ಒತ್ತಡ ಹೆಚ್ಚಾದಾಗ ಕಿಡಿಯು ಅಗಲವಾದ ಸಂದಿಯನ್ನು ಹಾರಲಾರದು, ಆದ್ದರಿಂದ ಸಂದಿಯೂ ಕಿರಿದಾಗಬೇಕು. ಡಬ್ಬಿಯಿಂದ ಬರುವಾಗ ಅದು ಒಂದು ಪಾಯಿಂಟ್ ಒಂದು ಮಿಲಿಮೀಟರ್ ಇರುತ್ತದೆ. ಸುಸನ್ನಾ ಪಾಯಿಂಟ್ ಏಳಕ್ಕೆ ತರುತ್ತಾರೆ. ಎಷ್ಟೋ ಗಾಡಿಗಳ ಪ್ಲಗ್ ಕೆಡಿಸಿ ಕಲಿತ ಲೆಕ್ಕ ಅದು.

ಈ ಲೆಕ್ಕವನ್ನು ಅವರು ಉಜ್ವಲಾಗೆ ಮಾತ್ರ ಹೇಳಿರಲಿಲ್ಲ. ಇಪ್ಪತ್ತೊಂಬತ್ತರ ಉಜ್ವಲಾ ಔರಾದಿನವಳು, ಡಿಪ್ಲೊಮಾ ಓದಿದವಳು, ಲ್ಯಾಪ್‌ಟಾಪ್ ಜೋಡಿಸಿ ಎಂಜಿನ್ ಹದ ಮಾಡುವವಳು. ಗ್ಯಾರೇಜಿಗೆ ಬಂದು ಮೂರೇ ವರ್ಷ. ಹೋದ ವರ್ಷ ಯಾರೋ ಬಂದು ಆಕೆಯ ವಿಡಿಯೋ ಮಾಡಿಕೊಂಡು ಹೋದರು, ಊರೆಲ್ಲ ನೋಡಿತು. ಪಕ್ಕದಲ್ಲಿ ಟ್ರೇ ಹಿಡಿದು ನಿಂತಿದ್ದ ಸುಸನ್ನಾರ ಕೈಯಷ್ಟೇ ಅದರಲ್ಲಿ ಬಂದಿದೆ.

"ಹೊಟ್ಟಿಕಿಚ್ಚು ಇತ್ರಿ, ಸುಳ್ಳ ಯಾಕ ಹೇಳ್ಲಿ? ಸಂದಿ ಎಷ್ಟು ಇಡ್ತೀರಿ ಅಂತ ಅಕಿ ಕೇಳಿದ್ಳು. ಕೈ ಅಂದಾಜು ಅಂದೆ."

ಒಂದು ದಿನ ಸುಸನ್ನಾ ಚಿದ್ರಿಯಲ್ಲಿರುವ ತಂಗಿಯ ಮನೆಗೆ ಹೋಗಿದ್ದಾಗ ಈ ಕಾರು ಬಂತು. ಉಜ್ವಲಾ ಪ್ಲಗ್ಗಿನ ಜಾತಿ ನೋಡಿ ಸರಿಯಾದುದನ್ನೇ ಆರಿಸಿದಳು, ಆದರೆ ಡಬ್ಬಿಯಿಂದ ತೆಗೆದ ಹಾಗೇ ಕೂರಿಸಿದಳು. ಊರೊಳಗೆ ಕಾರು ಚೆನ್ನಾಗಿಯೇ ಓಡಿತು. ಮರುದಿನ ಕಾರಿನ ಮಾಲೀಕರೂ ಆಕೆಯೂ ಓಟ ಪರೀಕ್ಷಿಸಲು ಔರಾದ ಕಡೆ ಹೊರಟು ವೇಗ ಹೆಚ್ಚಿಸಿದಾಗ ಠಾಣಾ ಕುಶನೂರಿನ ಬಳಿ ಎಂಜಿನ್ ಮುಗ್ಗರಿಸತೊಡಗಿತು. ಉಜ್ವಲಾ ರಸ್ತೆ ಬದಿಯಲ್ಲಿ ಎರಡು ತಾಸು ಲ್ಯಾಪ್‌ಟಾಪ್ ಕುಟ್ಟಿದಳು. ಇನ್ನು ಈ ಗ್ಯಾರೇಜಿನ ಸಹವಾಸ ಸಾಕು ಎಂದು ಮಲ್ಲಿಕಾರ್ಜುನಪ್ಪ ರಶೀದರಿಗೆ ಫೋನಿನಲ್ಲಿ ಕೂಗಾಡಿದರು.

ಅಷ್ಟರಲ್ಲಿ ಗ್ಯಾರೇಜಿಗೆ ಮರಳಿ ರಶೀದರ ಪಕ್ಕದಲ್ಲೇ ಕೂತಿದ್ದ ಸುಸನ್ನಾರಿಗೆ ಕಾರಣ ಆಗಲೇ ತಿಳಿದಿತ್ತು. "ಒಂದು ಕಪ್ ಚಹಾ ಮುಗಿಯೋತನ ಬಾಯಿ ಬಿಡ್ಲಿಲ್ರಿ. ಅಷ್ಟು ಛಲೋ ಚಹಾ ನಾ ಎಂದೂ ಕುಡದಿಲ್ಲ" ಎಂದು ನಗುತ್ತಾರೆ, ಮರುಕ್ಷಣವೇ ತಲೆ ತಗ್ಗಿಸುತ್ತಾರೆ. "ಆಮ್ಯಾಲ ಬಸ್ ಹತ್ತಿದೆ. ತಪ್ಪು ನಂದೇ ಇತ್ತಲ್ರಿ."

ಠಾಣಾ ಕುಶನೂರಿನಲ್ಲಿ ಇಳಿದು, ನಿಂತ ಕಾರಿನ ಬಳಿ ಮರದ ನೆರಳಲ್ಲಿ ಟ್ರೇ ಇಟ್ಟುಕೊಂಡು ನಾಲ್ಕೂ ಪ್ಲಗ್ ಕಿರಿದು ಮಾಡಿದರು. "ಪಾಯಿಂಟ್ ಏಳು" ಎಂದು ಉಜ್ವಲಾಳ ಕಿವಿಗೆ ಬೀಳುವಂತೆ ಹೇಳಿಯೂಬಿಟ್ಟರು. ಆಕೆ ಸಿಡುಕಲಿಲ್ಲ. ಮಾಲೀಕರ ಕಡೆ ತಿರುಗಿ, "ತಪ್ಪು ನಂದರಿ. ಅಳತಿ ನೋಡದ ಹಾಕೀನಿ. ಇದು ಸುಸನ್ನಾಬಾಯಿ ಕೆಲಸ" ಎಂದಳು.

ಅದನ್ನು ನೆನೆದರೆ ಸುಸನ್ನಾರಿಗೆ ಈಗಲೂ ಉರಿಯುತ್ತದೆ. "ಅಕಿ ಅಷ್ಟು ಒಳ್ಳೇಕಿ ಆಗಬಾರದಿತ್ರಿ. ಬೈದಿದ್ರ ನನಗ ಹಗುರ ಆಗ್ತಿತ್ತು."

ಅಂದು ಪರೀಕ್ಷೆಗೆಂದು ಉಜ್ವಲಾ ಕಾರು ಓಡಿಸಿಕೊಂಡು ಹೋದಳು, ಪಕ್ಕದಲ್ಲಿ ಮಾಲೀಕರು ಕೂತರು. ಸುಸನ್ನಾ ರಸ್ತೆ ಬದಿಯ ಬಸ್ ನಿಲ್ದಾಣದಲ್ಲೇ ನಿಂತು ಉಳಿದರು. ತೊಗರಿ ಹೊಲಗಳಾಚೆ ಕಾರು ಮರೆಯಾದ ಮೇಲೂ ಸದ್ದು ಕೇಳುತ್ತಿತ್ತು, ಒಮ್ಮೆಯೂ ತಡವರಿಸಲಿಲ್ಲ.

ನಿಮಗೇನು ಆಸೆ ಎಂದು ಕೇಳಿದರೆ ಅವರು ಕೈ ಒರೆಸಿಕೊಳ್ಳುತ್ತಾ ಕಾರಿನ ಕಡೆ ನೋಡುತ್ತಾರೆ.

"ಇದರ ಪ್ಲಗ್ ಎಷ್ಟು ಸಲ ಮಾಡೀನೋ, ಇದರಾಗ ಒಂದಿನ ಕುಂತಿಲ್ರಿ. ಒಮ್ಮೆ ನಾ ಒಳಗ ಕುಂದರಬೇಕು. ಅಕಿ ರಸ್ತಾದಾಗ ನಿಂತು ಸಪ್ಪಳ ಕೇಳಬೇಕು."